ಪಟದಲ್ಲಿಲ್ಲದ ಐವರು

ನನ್ನ ದೊಡ್ಡಪ್ಪನ ಮಗ ಬದುಕಿನಲ್ಲಿ ಮನಸ್ಸಿಟ್ಟು ಓದಿದ್ದು ಎರಡೇ: ತನ್ನ ಫೋಟೊ ಬಂದ ದಿನದ ಪತ್ರಿಕೆ ಮತ್ತು ತನ್ನ ಹೆಸರಿರುವ ಪಹಣಿ. ಅಂಥವನು ಶಿಕಾರಿಪುರದಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದಾಗ, "ನಮ್ಮ ವಂಶಾವಳಿ ಬರೆಸೀನಿ ತಂಗಿ. ನೀನು ಟೀಚರ್ ಆಗಿದ್ದೋಳು, ಬಂದು ನೋಡ್ಬೇಕು" ಅಂದ. ಅದೇನು ಬರೆಸಿದ್ದಾನೋ ನೋಡೋಣವೆಂದೇ ನಾನು ಹೋದೆ. ಹಾರೈಸುವ ಮನಸ್ಸೇನೂ ಇರಲಿಲ್ಲ.

ನಡುಮನೆಯ ಗೋಡೆಗೆ ಬಾಗಿಲಿಗಿಂತ ದೊಡ್ಡ ಪಟ ಹಾಕಿಸಿದ್ದ. ಕಂಪ್ಯೂಟರಿನಲ್ಲಿ ಬಿಡಿಸಿದ ಹಸಿರು ಮರ, ಬುಡದಲ್ಲಿ ಕತ್ತಿ ಹಿಡಿದ ಒಬ್ಬ ದಂಡನಾಯಕ. ಹೋದ ವರ್ಷದವರೆಗೆ ಈ ದಂಡನಾಯಕನ ಸುದ್ದಿಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಹೊಸಬಾಳೆಯ ಸುತ್ತಿನ ಕುರುಚಲು ಗುಡ್ಡಗಳಲ್ಲಿ ಕುರಿ ಕಾಯ್ದುಕೊಂಡಿದ್ದ ಜನ ನಾವು. ನಮ್ಮವರು ಹಿಡಿದ ಹರಿತವಾದ ಸಾಮಾನೆಂದರೆ ಉಣ್ಣೆ ಕತ್ತರಿಸುವ ಕತ್ತರಿ. ಒಂದೊಂದು ಎಲೆಯ ಮೇಲೂ ಒಬ್ಬೊಬ್ಬ ಗಂಡಸಿನ ಹೆಸರಿತ್ತು. ಹೆಂಗಸರು 'ಧರ್ಮಪತ್ನಿ' ಎಂಬ ಒಂದೇ ಪದದಲ್ಲಿ ಮುಗಿದುಹೋಗಿದ್ದರು. ಕೆಳಗೆ ಒಂದು ಮೂಲೆಯಲ್ಲಿ, ದೀಪಾವಳಿಯ ಹೋರಿ ಬೆದರಿಸುವ ಹಬ್ಬದಲ್ಲಿ ಬಹುಮಾನ ಗೆದ್ದ ಅವನ ಹೋರಿಯ ಫೋಟೊ, ಹೆಸರಿನ ಸಮೇತ. ಅವನ ಇಬ್ಬರು ಸ್ವಂತ ತಂಗಿಯರು ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದರು. ಅವರ ಹೆಸರು ಪಟದಲ್ಲಿ ಎಲ್ಲೂ ಇರಲಿಲ್ಲ.

ತೊಗರ್ಸಿಯಿಂದ ಅತ್ತೆಯನ್ನು ಕಾರಿನಲ್ಲಿ ಕರೆಸಿದ್ದರು. ನನ್ನ ಅಪ್ಪನ ಅಕ್ಕ ಅವಳು; ಅಜ್ಜನ ಮಕ್ಕಳಲ್ಲಿ ಈಗ ಉಳಿದಿರುವವಳು ಅವಳೊಬ್ಬಳೇ. ಅವಳಿಗೆ ಓದು ಬರುವುದಿಲ್ಲ. ಪಟದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು ನನ್ನ ಕೈ ಜಗ್ಗಿದಳು.

"ನಾ ಎಲ್ಲಿದೀನವ್ವಾ ಇದ್ರಾಗೆ?"

ಸುತ್ತ ಜನವಿದ್ದರು. ನಾನು ಅವಳ ಬೆರಳು ಹಿಡಿದು ಯಾವುದೋ ಒಂದು ಎಲೆಯ ಮೇಲಿಟ್ಟು, "ಇಲ್ಲಿ" ಅಂದೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದ ಬಾಯಿ ನನ್ನದು. ಅತ್ತೆ ಆ ಎಲೆಯನ್ನು ಸವರಿದಳು. ಆಮೇಲೆ, "ನಮ್ಮ ಮೂಗಣ್ಣ ಎಲ್ಲಿದಾನೆ?" ಅಂದಳು.

"ಯಾವ ಮೂಗಣ್ಣ?"

"ನನಗಿಂತ ಎರಡು ವರ್ಷ ದೊಡ್ಡೋನು. ಮಾತು ಬರ್ತಿರಲಿಲ್ಲ. ನಿಮ್ಮಪ್ಪ ಹೇಳ್ಲಿಲ್ಲೇನು?"

ನಮ್ಮಪ್ಪ ಹೇಳಿರಲಿಲ್ಲ. ಅಜ್ಜನಿಗೆ ಮೂವರೇ ಗಂಡುಮಕ್ಕಳು ಎಂದು ನಂಬಿಕೊಂಡು ನಾನು ಅರವತ್ತು ದಾಟಿದ್ದೆ. ಅತ್ತೆ ಅಲ್ಲೇ ಬೆರಳು ಮಡಚಿ ಲೆಕ್ಕ ಹಾಕಿದಳು. ಅಜ್ಜಿ ಹೆತ್ತದ್ದು ಎಂಟು. ಪಟದಲ್ಲಿರುವ ಮೂವರಲ್ಲದೆ, ಹೆರಿಗೆಯಲ್ಲಿ ತೀರಿಕೊಂಡ ಒಬ್ಬ ಅಕ್ಕ, ಈ ಮೂಗಣ್ಣ, ತಾನು, ಕೊನೆಯ ಎರಡು ಮಕ್ಕಳು. ಆ ಎರಡೂ, ಕ್ಯಾಸನೂರು ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ ಬೇಸಿಗೆಯಲ್ಲಿ, ಜ್ವರ ಬಂದು ಹದಿನೈದು ದಿನದೊಳಗೆ ಒಂದರ ಹಿಂದೆ ಒಂದು ಹೋದವು.

ಊಟವಾದ ಮೇಲೆ ಅಣ್ಣನನ್ನು ಕೇಳಿದೆ.

"ಹೆಣ್ಮಕ್ಕಳು ಬೇರೆ ಮನೆ ಸೇರಿದೋರು, ಅವರನ್ನ ಆ ಮನೆಯೋರು ಬರ್ಕಂತಾರೆ" ಅಂದ. "ಸತ್ತ ಹುಡುಗ್ರನ್ನ ಬರ್ದು ಏನ್ಮಾಡೋದು, ಶುಭಕಾರ್ಯದ ಮನೇಲಿ?"

"ಮತ್ತೆ ಆ ಮೂಗಣ್ಣ?"

ಎಲೆಯಡಿಕೆ ಮಡಚುತ್ತಿದ್ದ ಅವನ ಕೈ ನಿಂತಿತು. "ಅಂಥೋನು ಯಾರೂ ಇರಲಿಲ್ಲ. ಅತ್ತೆಗೆ ಅರಳುಮರಳು" ಅಂದ. ಯಾವತ್ತೂ ಮೂರು ಮಾತಿಗೆ ಮುಗಿಸದವನು ಅಂದು ಅಷ್ಟಕ್ಕೇ ಮುಗಿಸಿದ. ಅದಕ್ಕೇ ನನಗೆ ಅನುಮಾನ ಬಂತು.

ಮೊದಲು ನಮ್ಮ ಮನೆತನದ ಹೆಳವನನ್ನು ಹುಡುಕಿದೆ. ತಲೆತಲಾಂತರದಿಂದ ಮನೆತನಗಳ ಪೀಳಿಗೆ ಬರೆದಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಬಂದು ಓದಿಹೇಳುವವರು ಹೆಳವರು. ಇವನ ಅಜ್ಜ ಎತ್ತಿನ ಮೇಲೆ ಕೂತು ಬರುತ್ತಿದ್ದ, ಇವನು ಬೈಕಿನಲ್ಲಿ ಬಂದ. ಬಟ್ಟೆ ಸುತ್ತಿದ ಪುಸ್ತಕ ಬಿಚ್ಚಿ ಅಜ್ಜನ ಹೆಸರು ಹುಡುಕಿ ಓದಿದ. ಮೂವರು ಗಂಡುಮಕ್ಕಳು.

"ದಂಡನಾಯಕ?" ಅಂದೆ.

"ಅದು ನಮ್ಮ ಪುಸ್ತಕದಾಗಿಲ್ಲ ಅಮ್ಮಾ. ನಿಮ್ಮ ಅಣ್ಣಾರೇ ಹಾಕಿಸಿರ್ಬೇಕು." ಆಮೇಲೆ ಪುಟದ ಮೇಲೆ ಬೆರಳಿಟ್ಟ. "ಇಲ್ಲಿ ನೋಡ್ರಿ. ನಮ್ಮಜ್ಜ ನಾಲ್ಕು ಅಂತ ಬರ್ದು, ಒಂದು ಹೊಡೆದು ಹಾಕ್ಯಾನೆ. ಮನೆಯೋರು ಹೇಳಿದ್ದು ನಾವು ಬರೀತೀವಿ, ಅವರು ತೆಗಿ ಅಂದ್ರೆ ತೆಗೀತೀವಿ. ಹೆಣ್ಣು, ಸಣ್ಣದ್ರಾಗೆ ಹೋದ ಮಕ್ಕಳು ಬರೆಯೋ ಪದ್ಧತಿ ಮೊದಲಿಂದ್ಲೂ ಇಲ್ಲ."

ಹೊಡೆದುಹಾಕಿದ ಹೆಸರಿನ ಮೇಲೆ ಮಸಿ ದಪ್ಪವಾಗಿತ್ತು, ಓದಲಾಗಲಿಲ್ಲ. ಅವನು ನಾಚಿಕೆಯಿಂದ ಪುಸ್ತಕ ಕಟ್ಟಿದ. ಕಂಡವರ ಮನೆಯ ತಪ್ಪಿಗೆ ಇವನಿಗಾದರೂ ನಾಚಿಕೆಯಾಯಿತಲ್ಲ ಅಂದುಕೊಂಡೆ.

ಆಮೇಲೆ ನಮ್ಮೂರು ಹೊಸಬಾಳೆಯ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ನನ್ನ ಕೈಕೆಳಗೆ ಕಲಿತವಳು. ಹಳೆಯ ದಾಖಲಾತಿ ಪುಸ್ತಕಗಳ ಪೆಟ್ಟಿಗೆ ತೆಗೆಸಿ, ಗೆದ್ದಲಿನ ಮಣ್ಣು ಝಾಡಿಸಿ, ನನ್ನ ಜೊತೆ ತಾನೂ ನೆಲದ ಮೇಲೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಅಜ್ಜನ ಹೆಸರು, ಅದರ ಹಿಂದೆ ನಾನು ಯಾವತ್ತೂ ಕೇಳಿರದ ಒಂದು ಹೆಸರು, ವಯಸ್ಸು ಏಳು. ಕೊನೆಯ ಅಂಕಣದಲ್ಲಿ ದುಂಡಗಿನ ಅಕ್ಷರದಲ್ಲಿ, 'ಮಾತು ಬಾರದ ಕಾರಣ ಹೆಸರು ತೆಗೆಯಲಾಗಿದೆ.' ಸೇರಿಸಿಕೊಂಡು ಎಂಟು ದಿನವೂ ಆಗಿರಲಿಲ್ಲ.

"ಎಂತ ಮೇಡಂ ಇದು, ಎಂಟು ದಿನಾನೂ ಕೂರಿಸ್ಕೊಳ್ಳಲಿಲ್ವಾ?" ಅಂದಳು ಅವಳು. ನಾನೂ ಅದೇ ವೃತ್ತಿಯವಳು. ಆ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೆ.

ಮೂಗಣ್ಣ ಕೊನೆಗೆ ಎಲ್ಲಿಗೆ ಹೋದ ಎಂದು ತೊಗರ್ಸಿಗೆ ಹೋಗಿ ಅತ್ತೆಯನ್ನು ಕೇಳಿದೆ. ಪಾತ್ರೆಗೆ ಕಲಾಯಿ ಹಾಕಲು ಶಿಕಾರಿಪುರದಿಂದ ಬರುತ್ತಿದ್ದ ಸಾಬರ ಹಿಂದೆ ಹೋದ ಅಂದಳು. ಶಿಕಾರಿಪುರದಲ್ಲಿ ಕಲಾಯಿಯವರ ಮನೆ ಈಗ ಒಂದೇ ಉಳಿದಿದೆ. ಅಲ್ಲೂ ಕಲಾಯಿ ನಿಂತು, ಮೊಮ್ಮಕ್ಕಳು ಮಿಕ್ಸಿ ರಿಪೇರಿ ಮಾಡುತ್ತಾರೆ. ನಾನಿರುವುದೂ ಅದೇ ಊರಲ್ಲಿ, ನಡೆದು ಹೋಗುವಷ್ಟು ದೂರ. ಮೂಗಣ್ಣ ಬದುಕಿದ ಓಣಿಯ ಮುಂದೆಯೇ ನಾನು ದಿನಾ ತರಕಾರಿಗೆ ಹೋಗುತ್ತಿದ್ದೆ.

ಆ ಕಲಾಯಿಯವರ ಮಗಳು ಈಗ ಎಪ್ಪತ್ತು ದಾಟಿದ ಮುದುಕಿ. ಆಪಾ ಎಂದು ಓಣಿಯೆಲ್ಲ ಕರೆಯುತ್ತದೆ. ನಾನು ಹೆಸರು ಹೇಳುವ ಮೊದಲೇ ನನ್ನ ಮುಖ ನೋಡಿ, "ಮೂಗು ಅವರದೇ ಐತಲ್ರೀ" ಅಂದಳು. ಚಹಾ ತರಿಸಿದಳು.

"ನಮ್ಮ ಅಬ್ಬಾಗೆ ತಿದಿ ಊದೋಕೆ ಬಂದ್ರು, ಆಮೇಲೆ ಅವರೇ ಕಲಾಯಿ ಕಲ್ತ್ರು. ನನ್ನ ಎತ್ಕೊಂಡು ಆಡ್ಸಿದೋರು ಅವರೇ. ನಿಮ್ಮೂರಿಗೂ ಹೋಗೋರು, ನಾನೂ ಸಣ್ಣೋಳಿದ್ದಾಗ ಜೊತೆಗೆ ಹೋಗೀನಿ. ನಿಮ್ಮನೆ ಎದುರಿನ ಮರದ ಕೆಳಗೆ ಕೂತು ಕೆಲಸ ಮಾಡೋರು. ಒಳಗೆ ಬಾ ಅಂತ ಯಾರೂ ಕರೀತಿರ್ಲಿಲ್ಲ."

"ಅಜ್ಜಿ?"

"ನಿಮ್ಮಜ್ಜಿ ಪಾತ್ರೆ ತರೋರು. ಹೋದ ತಿಂಗಳು ಹಾಕಿದ್ದ ಕಲಾಯಿ ಹಂಗೇ ಹೊಳೀತಿರೋದು, ಮತ್ತೆ ಅದನ್ನೇ ತರೋರು. ಇವರು ಮತ್ತೆ ಹಾಕೋರು. ಮುಗಿಯೋ ತನಕ ಅಜ್ಜಿ ಅಲ್ಲೇ ನಿಂತಿರೋರು. ಅಬ್ಬಾ ಏನೂ ಅಂತಿರ್ಲಿಲ್ಲ."

ನಾನು ಚಹಾದ ಲೋಟ ಕೆಳಗಿಟ್ಟೆ. ಅಜ್ಜಿಯ ಮೇಲೆ ನನಗೆ ಕನಿಕರ ಬರಲಿಲ್ಲವೆಂದಲ್ಲ. ಆದರೆ ಹೆತ್ತ ಮಗನ ಮುಖ ನೋಡಲು ಪಾತ್ರೆಯ ನೆಪ ಹುಡುಕಬೇಕಾದ ಮನೆ, ಆ ಮನೆಯ ಯಜಮಾನಿಕೆ, ಅದಕ್ಕೆ ಪಟದ ಬುಡದಲ್ಲಿ ಕತ್ತಿ ಬೇರೆ.

ಮೂಗಣ್ಣ ತೀರಿಕೊಂಡ ಬಗೆಯನ್ನೂ ಆಪಾ ಹೇಳಿದಳು. ಎದೆನೋವೆಂದು ಮಲಗಿದವರು ಏಳಲಿಲ್ಲ. ಅವಳ ಅಬ್ಬಾ ನಮ್ಮೂರಿಗೆ ಆಳು ಕಳಿಸಿದರು.

"ಇಬ್ಬರು ಬಂದ್ರು ನಿಮ್ಮೋರು. ಒಬ್ಬರು ದೊಡ್ಡೋರು, ರುಮಾಲು ಸುತ್ತಿದ್ರು. ಓಣಿ ಬಾಯಾಗೆ ನಿಂತು, ಇವನು ನಮ್ಮೋನಲ್ಲ ಅಂದ್ರು. ಇನ್ನೊಬ್ಬರು ಸಣ್ಣಗೆ, ಕನ್ನಡಕ ಹಾಕಿದ್ರು. ಸೈಕಲ್ ಹಿಡ್ಕೊಂಡೇ ನಿಂತಿದ್ರು. ಏನೂ ಮಾತಾಡಲಿಲ್ಲ. ಹೊರಟು ಹೋದ್ರು."

ರುಮಾಲಿನವರು ದೊಡ್ಡಪ್ಪ. ಕನ್ನಡಕದ ಸೈಕಲ್ಲಿನವರು ನನ್ನ ಅಪ್ಪ.

ಅಜ್ಜ ಸತ್ತು ಆಗಿನ್ನೂ ತಿಂಗಳು ಕಳೆದಿರಲಿಲ್ಲವಂತೆ. ಮನೆಗೆ ಬಂದು ಅಪ್ಪನ ಕಾಗದಗಳ ಟ್ರಂಕು ತೆಗೆದೆ. ಜಮೀನಿನ ಖಾತೆ ಬದಲಿಗೆ ಕೊಟ್ಟ ವಂಶಾವಳಿಯ ನಕಲು ಸಿಕ್ಕಿತು. 'ಮೃತರಿಗೆ ಮೂವರು ಮಕ್ಕಳ ಹೊರತು ಬೇರೆ ವಾರಸುದಾರರು ಇರುವುದಿಲ್ಲ' ಎಂಬ ಪ್ರಮಾಣ, ಕೆಳಗೆ ಮೂರು ಸಹಿ. ಮೂರನೆಯದು ಅಪ್ಪನದು. ಅಷ್ಟು ಅಂದವಾದ ಅಕ್ಷರದಲ್ಲಿ ಅಷ್ಟು ಹೇಡಿತನ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ತಾರೀಖು ಅಜ್ಜ ಸತ್ತ ವಾರಕ್ಕೇ ಬಿದ್ದಿತ್ತು. ಸಹಿ ಹಾಕುವಾಗ ಮೂಗಣ್ಣ ಬದುಕಿದ್ದ. ಅಣ್ಣನನ್ನು ಹೀನಾಯವಾಗಿ ಕಾಣುವುದು ನನಗೆ ಸುಲಭವಿತ್ತು. ಅಪ್ಪನಿಗೂ ಅದರಲ್ಲಿ ಪಾಲು ಕೊಡಬೇಕಾಗಿ ಬಂತು.

ಹೆಣವನ್ನು ಕಲಾಯಿಯವರೇ ಸಾಗಿಸಿದ್ದರು. ಹುಟ್ಟಿದ ರೀತಿಯಲ್ಲೇ ಹೋಗಲಿ ಎಂದು, ಓಣಿಯ ನಾಲ್ಕು ಹಿಂದೂ ಮನೆಯವರನ್ನು ಕೇಳಿ, ಅವರ ರುದ್ರಭೂಮಿಯಲ್ಲಿ ಮಣ್ಣು ಮಾಡಿಸಿದ್ದರು. ಗುಂಡಿಯ ಗುರುತು ಈಗ ಇಲ್ಲ.

ಕಾಗದ ತೆಗೆದುಕೊಂಡು ಅಣ್ಣನ ಮನೆಗೆ ಹೋದೆ. ಓದಿದ, ಮಡಚಿದ, ತಿರುಗಿ ಕೊಟ್ಟ.

"ಈಗೇನು, ಪಾಲು ಕೇಳ್ತೀಯಾ?"

ಅವನಿಗೆ ತೋಚಿದ್ದು ಅದೊಂದೇ. ಮನುಷ್ಯನೊಬ್ಬ ಇದ್ದ, ಸತ್ತ ಎನ್ನುವುದಕ್ಕೆ ಅವನ ತಲೆಯಲ್ಲಿ ಗುಂಟೆಯ ಹೊರತು ಬೇರೆ ಅರ್ಥವಿರಲಿಲ್ಲ.

"ನಿನ್ನ ಭೂಮಿ ನೀನೇ ಇಟ್ಕೋ" ಅಂದೆ. "ಹೆಸರು ಬರೆಸು."

"ನೋಡಾನ. ಮುಂದಿನ ಸಲ ಪ್ರಿಂಟ್ ಹಾಕ್ಸುವಾಗ ಅತ್ತೇದು ಒಂದು ಕೆಳಗೆ ಸಣ್ಣ ಅಕ್ಷರದಾಗೆ ಹಾಕ್ಸಾನ. ಆ ಮೂಗಂದು ಬ್ಯಾಡ. ಜನ ಏನಂತಾರೆ?"

"ಜನ ಏನೂ ಅನ್ನಲ್ಲ. ಜನಕ್ಕೆ ನಿನ್ನ ಪಟ ನೋಡೋ ಪುರಸೊತ್ತಿಲ್ಲ" ಅಂದು ಎದ್ದು ಬಂದೆ.

ಇನ್ನೂರು ಪುಟದ ನೋಟ್‌ಬುಕ್ ಕೊಂಡು ತೊಗರ್ಸಿಗೆ ಹೋದೆ. ಅತ್ತೆ ಹೇಳಿದ ಕ್ರಮದಲ್ಲೇ ಎಂಟೂ ಮಕ್ಕಳನ್ನು ಬರೆದೆ. ಮೊದಲ ಸಲ ನಾನು ಅಪ್ಪನ ಹೆಸರನ್ನು ಅವಳಿಗಿಂತ ಮೇಲೆ ಬರೆದಿದ್ದೆ. "ಅವನು ನನಗಿಂತ ಸಣ್ಣೋನು, ಕೆಳಗೆ ಹಾಕು" ಎಂದು ತಿದ್ದಿಸಿದಳು. ಅವಳಿಗೆ ನೆನಪಿದ್ದದ್ದು ಮೂಗಣ್ಣ ಎಂಬುದಷ್ಟೇ. ಶಾಲೆಯ ಪುಸ್ತಕದಲ್ಲಿ ಸಿಕ್ಕ ಹೆಸರನ್ನು ಓದಿಹೇಳಿದಾಗ ಇನ್ನೊಮ್ಮೆ ಓದಿಸಿದಳು.

"ಹಂಗಂತ ಅವ್ವ ಒಬ್ಬಳೇ ಕರೀತಿದ್ಲು" ಅಂದಳು.

ಜ್ವರದಲ್ಲಿ ಹೋದ ಇಬ್ಬರಲ್ಲಿ ದೊಡ್ಡದು ಹುಡುಗಿ, ಏಳು ವರ್ಷ. ಚಿಕ್ಕದು ಹುಡುಗ, ಐದು. ಅವರ ಹೆಸರುಗಳು ಅವಳಿಗೆ ತಡವಿಲ್ಲದೆ ಬಂದವು. ಹುಡುಗಿಗೆ ಮುಂದಿನ ಹಲ್ಲು ಆಗ ತಾನೇ ಬಿದ್ದಿತ್ತಂತೆ, ಅದನ್ನೂ ಬರಿ ಅಂದಳು. ಬರೆದೆ. ತನ್ನ ನಾಲ್ಕು ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು ಎಲ್ಲರನ್ನೂ ಬರೆಸಿದಳು. ಸಂಜೆಯ ಬಸ್ಸಿಗೆ ಹೊರಡುವ ಹೊತ್ತಿಗೆ ಹನ್ನೊಂದು ಪುಟ ತುಂಬಿತ್ತು.

ಅಣ್ಣನ ಮೊಮ್ಮಗನ ನಾಮಕರಣಕ್ಕೆ ನಮಗೆ ಕರೆ ಬರಲಿಲ್ಲ. ನನ್ನ ಗಂಡನಿಗೆ ಸ್ವಲ್ಪ ಬೇಸರವಾಯಿತು. ನನಗೆ ಆಗಲಿಲ್ಲ.