ಖಾಲಿ ಫ್ಲಾಸ್ಕಿನ ಮೇಡಂ

ಯಾರ ಗೊಡವೆಗೂ ಹೋಗದೆ ತಮ್ಮ ಪಾಡಿಗೆ ತಾವಿರುವ ಜಡ ಸ್ವಭಾವದ ಅನಿಲಗಳನ್ನು ಪ್ರಬಲ ಸಾವಯವ ಪ್ರತ್ಯಾಮ್ಲಗಳಿಂದಲೂ ಚುರುಕಾದ ಋಣ ಅಯಾನುಗಳಿಂದಲೂ ಕೆಣಕಿ ಕ್ರಿಯೆಗೆ ಇಳಿಸುವ ವಿದ್ಯೆಯಲ್ಲಿ ನಮ್ಮ ಮೇಡಂ ಅವರದು ಹಿರಿಯ ಹೆಸರು. ಶಿಷ್ಯರಾದ ನಮಗೆ ಮಾತ್ರ ಅವರು ‘ಖಾಲಿ ಮೇಡಂ’. ಆ ಹೆಸರು ಬಂದ ಬಗೆಯನ್ನು ಇಲ್ಲಿ ಹೇಳಲೇಬೇಕು.

ನಾನು ಅವರಲ್ಲಿ ಸಂಶೋಧನೆಗೆ ಸೇರಿದಾಗ, ಹಲ್ಲಿನ ವೈದ್ಯರು ಬಳಸುವ ನಗೆ ಅನಿಲದ ಬೆನ್ನು ಬಿದ್ದಿದ್ದೆವು. ಮೂರನೆಯ ವರ್ಷ ಬಿಳಿಯ ಹರಳು ಮೂಡಿತು. ಆ ಅನಿಲ ಅಂಟಿಕೊಂಡರೆ ಪ್ರತ್ಯಾಮ್ಲದ ತೂಕ ಎಷ್ಟು ಏರಬೇಕೋ ಅಷ್ಟೇ ಏರಿತ್ತು. ದೊಡ್ಡ ಸಮ್ಮೇಳನವೊಂದರಲ್ಲಿ ಮಾತನಾಡಲು ನನ್ನ ಹೆಸರು ಅಚ್ಚಾಯಿತು. ನನ್ನ ಕಾಲು ನೆಲದ ಮೇಲಿರಲಿಲ್ಲ. ಹೊರಡುವ ವಾರ ಮೇಡಂ ಅದೇ ಪ್ರಯೋಗವನ್ನು ನಗೆ ಅನಿಲ ಬಿಡದೆಯೇ, ಪ್ರತ್ಯಾಮ್ಲವನ್ನಷ್ಟೇ ಇಟ್ಟು, ನಮ್ಮ ಮಾತಿನಲ್ಲಿ ‘ಖಾಲಿ’ ಫ್ಲಾಸ್ಕಿನಲ್ಲಿ ಹೂಡಿದರು.

“ಈಗ್ಯಾಕೆ ಮೇಡಂ? ಗೊತ್ತಿರೋದೇ ಅಲ್ವಾ?” ಎಂದು ಮುಖ ಊದಿಸಿಕೊಂಡೆ.

“ನಮಗೆ ಬೇಕಾದ ಉತ್ತರಾನೇ ಬಂದಿದೆಯಲ್ಲಮ್ಮ, ಅದಕ್ಕೇ ಭಯ.”

ಖಾಲಿ ಫ್ಲಾಸ್ಕಿನಲ್ಲೂ ಅದೇ ಹರಳು! ರಬ್ಬರ್ ಬಿರಡೆಯ ಸಣ್ಣ ಬಿರುಕಿನಿಂದ ನುಸುಳಿದ ಕೋಣೆಯ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ನಮ್ಮ ಹಸಿದ ಪ್ರತ್ಯಾಮ್ಲ ಕಬಳಿಸಿತ್ತು. ಎರಡು ಅನಿಲಗಳ ಅಣುತೂಕವೂ ನಲವತ್ತನಾಲ್ಕೇ. ತಕ್ಕಡಿ ನಮಗೆ ಚೆನ್ನಾಗಿ ಟೋಪಿ ಹಾಕಿತ್ತು.

“ಹುಷಾರಿಲ್ಲ ಅಂತ ತಿಳಿಸಿ ಸುಮ್ನಿದ್ದುಬಿಡಿ” ಎಂದರು ವಿಭಾಗದ ಮುಖ್ಯಸ್ಥರು. ಮೇಡಂ ಒಪ್ಪಲಿಲ್ಲ. ನನ್ನನ್ನು ಸಭೆಯಲ್ಲಿ ಕೂರಿಸಿ, ನನ್ನ ಬದಲು ತಾವೇ ವೇದಿಕೆಯೇರಿ, “ತಪ್ಪು ನನ್ನದು, ನನ್ನ ವಿದ್ಯಾರ್ಥಿನಿಯದಲ್ಲ” ಎಂದು ನಮ್ಮ ಸೋಲನ್ನು ಎಳೆ ಎಳೆಯಾಗಿ ಬಿಡಿಸಿಟ್ಟರು. ಬಿರಡೆ ಬಿರಿದದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಹಿಂದಿರುಗುವಾಗ ರೈಲಿನಲ್ಲಿ, ಹಾಗೇಕೆ ಹೇಳಿದಿರಿ ಎಂದು ಕೇಳಿದೆ. “ನಿನಗಿನ್ನೂ ಕೆಲಸ ಸಿಗಬೇಕು ಕಣಮ್ಮ. ನನಗೆ ಸಿಕ್ಕಾಗಿದೆ” ಎಂದವರೇ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಆ ವರ್ಷ ಅವರಿಗೆ ಬರಬೇಕಿದ್ದ ಮುಖ್ಯಸ್ಥರ ಹುದ್ದೆ ಕೈತಪ್ಪಿತು. ಮುಂದೆ ನನಗೆ ಅವರ ಪಕ್ಕದ ಕೋಣೆಯಲ್ಲೇ ಕೆಲಸವಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಕಣ್ಣು ತುಂಬಿಬರುತ್ತದೆ.

ಬೇರೊಂದು ಋಣ ಅಯಾನಿಗೆ ನಗೆ ಅನಿಲ ಕೊನೆಗೂ ಮಣಿಯಿತು, ಖಾಲಿ ಫ್ಲಾಸ್ಕಿನಲ್ಲಿ ಆ ಸಲ ಏನೂ ಮೂಡಲಿಲ್ಲ. ಆ ಕೀರ್ತಿಯನ್ನು ಮಾತ್ರ ಮೇಡಂ ನಮಗೆಲ್ಲ ಹಂಚಿಬಿಟ್ಟರು.

ಈಗ ನಿವೃತ್ತರಾಗಿರುವ ನಮ್ಮ ಪೂಜ್ಯ ಮೇಡಂಗೆ ನೂರು ತುಂಬಲಿ, ಕೈಯ ಕೆಲಸ ನಿಲ್ಲದಿರಲಿ. ನಿವೃತ್ತರಾದವರು ಪ್ರಯೋಗಾಲಯದ ಬೀಗದ ಕೈ ಒಪ್ಪಿಸಬೇಕೆಂಬ ನಿಯಮವಿದೆಯಂತೆ. ನಾವು ಆ ಬೀಗದ ಕೈಯನ್ನು ಮೇಡಂ ಅವರಿಂದ ಕೇಳಿಲ್ಲ, ಕೇಳುವುದೂ ಇಲ್ಲ. ಕಚೇರಿಯವರು ವಿಚಾರಿಸಿದರೆ, ಈ ಸಲ ತಪ್ಪು ನಮ್ಮದು.