ವಾರಿಜತ್ತೆ ನೋಡದ ಗೊಂಪಾ

ಹೋದ ಜೂನ್‌ನಲ್ಲಿ ಹಿಮಾಚಲದ ಸ್ಪಿತಿ ಕಣಿವೆಯ ಒಂದು ಬೌದ್ಧ ಮಠದೊಳಗೆ ತಲೆ ತಗ್ಗಿಸಿ ಕಾಲಿಟ್ಟಾಗ, ಕತ್ತಲೆಗೆ ಕಣ್ಣು ಹೊಂದಿಕೊಳ್ಳುವ ಮೊದಲೇ ಆ ವಾಸನೆ ಬಂತು. ನೆಲಕ್ಕೆ ಹಾಸಿದ ಉಣ್ಣೆಯದ್ದು, ಅದಕ್ಕೆ ವರ್ಷಾನುಗಟ್ಟಲೆ ಹತ್ತಿಕೊಂಡ ಧೂಪದ್ದು, ಹಿಂದೆಲ್ಲೋ ಸಣ್ಣಗೆ ಕಮಟು ತುಪ್ಪದ್ದು. ಅಲ್ಲಿಯವರು ಇಂಥ ಮಠವನ್ನು ಗೊಂಪಾ ಎನ್ನುತ್ತಾರೆ. ಆ ವಾರ ನಾನು ನೋಡಿದ ಮೂರನೆಯ ಗೊಂಪಾ ಅದು. ಮೊದಲೆರಡರಲ್ಲಿ ಪ್ರವಾಸಿಗಳ ಗುಂಪಿನ ಜೊತೆ ಒಂದು ಸುತ್ತು ಹಾಕಿ ಹೊರಟುಬಂದಿದ್ದೆ. ಇಲ್ಲಿ ಯಾರೂ ಇರಲಿಲ್ಲ. ಗೋಡೆಗೊರಗಿ ಕೂತೆ. ಕಣ್ಣು ಮುಚ್ಚಿದರೆ ನಾನಿದ್ದದ್ದು ಕೊಪ್ಪದ ಬಸ್‌ಸ್ಟ್ಯಾಂಡ್ ರಸ್ತೆಯ ನಮ್ಮ ಮನೆಯ ಮುಂಕೋಣೆಯಲ್ಲಿ. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಅರ್ಧ ಹೋಯಿತು, ಉಳಿದರ್ಧವನ್ನು ಕೆಡವಿ ಮೊಬೈಲ್ ಅಂಗಡಿ ಕಟ್ಟಿದ್ದಾರೆ.

ಆ ಮುಂಕೋಣೆ ವಾರಿಜತ್ತೆಯದ್ದು. ಅಪ್ಪನ ಅಕ್ಕ. ನರಸಿಂಹರಾಜಪುರಕ್ಕೆ ಕೊಟ್ಟಿದ್ದರು, ಎರಡನೇ ವರ್ಷವೇ ಗಂಡ ತೀರಿಕೊಂಡು ತವರಿಗೆ ಬಂದವಳು ಹೊಲಿಗೆ ಕಲಿತು ಪೇಟೆಯ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಅಮ್ಮನಿಗೆ ಸದಾ ಉಬ್ಬಸ. ಹಾಗಾಗಿ ನನಗೆ ಜಡೆ ಹಾಕುವುದು, ಮಗ್ಗಿ ಬಾಯಿಪಾಠ ಮಾಡಿಸುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಎಲ್ಲ ಅತ್ತೆಯೇ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು. ಮನೆಯ ಫೋಟೋಗಳಲ್ಲಿ ಅವರು ಯಾವಾಗಲೂ ಅಂಚಿನಲ್ಲಿ ನಿಂತಿರುತ್ತಾರೆ.

ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಬೈಲುಕುಪ್ಪೆಯ ನಿರಾಶ್ರಿತರ ಕ್ಯಾಂಪಿನ ಟಿಬೆಟಿಯನ್ನರು ಸ್ವೆಟರ್ ಮಾರಲು ನಮ್ಮೂರಿಗೆ ಬರುತ್ತಿದ್ದರು. ಅವರಲ್ಲಿ ಡೋಲ್ಮಾ ಎಂಬವಳು ತನ್ನ ಗಂಟುಗಳನ್ನು ಇಡಲು ಒಂದು ವರ್ಷ ಅತ್ತೆಯ ಕೋಣೆಯಲ್ಲಿ ಜಾಗ ಕೇಳಿದಳು. ಮರುವರ್ಷದಿಂದ ಅಲ್ಲೇ ಉಳಿಯತೊಡಗಿದಳು. ಊರವರ ಬಾಯಲ್ಲಿ ಅವಳು ಡೋಲಮ್ಮ ಆದಳು. ಅವಳದು ಕ್ಯಾಂಪಿನ ಶಾಲೆಯಲ್ಲಿ ಕಲಿತ ಕನ್ನಡ, ಅದಕ್ಕೆ ನಮ್ಮೂರ ಸಂತೆಯ ಮಾತೂ ಸೇರಿತ್ತು. ಬೆಳಿಗ್ಗೆ ಗೋಡೆಯ ಗೂಡಿನಲ್ಲಿ ಅವಳು ಹಚ್ಚುವ ಧೂಪದ ಹೊಗೆ ಸ್ವೆಟರ್ ಗಂಟುಗಳಿಗೆ, ಅತ್ತೆ ಹೊಲಿದಿಟ್ಟ ರವಿಕೆಗಳಿಗೆ, ನನ್ನ ಶಾಲೆಯ ಚೀಲಕ್ಕೂ ಹತ್ತುತ್ತಿತ್ತು. ವ್ಯಾಪಾರವಿಲ್ಲದ ದಿನ ಇಬ್ಬರೂ ನನ್ನನ್ನು ಕರೆದುಕೊಂಡು ಶೃಂಗೇರಿಗೆ ಹೋಗಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕುತ್ತಿದ್ದರು. ಮೆಟ್ಟಿಲ ಮೇಲೆ ಕೂತು ಡೋಲಮ್ಮ ತಾನೇ ನೋಡಿರದ ಬೆಟ್ಟಗಳ ಬಗ್ಗೆ ಹೇಳುತ್ತಿದ್ದಳು. ಅವಳು ಹುಟ್ಟಿದ್ದು ಕ್ಯಾಂಪಿನಲ್ಲಿ. ಬೆಟ್ಟವನ್ನು ಬಲ್ಲವಳು ಅವಳ ತಾಯಿ. ಡೋಲಮ್ಮನ ತಮ್ಮನೊಬ್ಬ ಸನ್ಯಾಸಿಯಾಗಿ ಸ್ಪಿತಿಯ ಗೊಂಪಾ ಸೇರಿದ್ದ. ಒಂದು ಸಲ ಅಲ್ಲಿಗೆ ಹೋಗಬೇಕು, ನೀನೂ ಬಾ ಎಂದು ಅತ್ತೆಯನ್ನು ಕರೆದಳು.

ಅತ್ತೆ ಅದುವರೆಗೆ ಶಿವಮೊಗ್ಗ ದಾಟಿದವಳಲ್ಲ. ಅವಳು ಹೋಗುತ್ತೇನೆ ಎಂದಾಗ ಅಜ್ಜಿ, ಮಠ ನೋಡಬೇಕಾದರೆ ಹರಿಹರಪುರದಲ್ಲಿ ಇಲ್ಲವೇ ಎಂದರು. ಅಪ್ಪ ಒಂದು ತಿಂಗಳು ಬೇಡವೆಂದೇ ಹೇಳಿದರು. ಜಗಳವಾಡಿ ಗೊತ್ತಿಲ್ಲದ ಅತ್ತೆ ಆ ತಿಂಗಳು ಪ್ರತಿದಿನ, ಅಪ್ಪನಿಗೆ ಊಟ ಬಡಿಸುವಾಗ, ಒಂದೇ ದನಿಯಲ್ಲಿ ಅದನ್ನೇ ಕೇಳಿದಳು. ಕಡೆಗೆ ಅಪ್ಪ ತಾವೇ ಹೋಗಿ ರೈಲಿನ ಟಿಕೆಟ್ ಮಾಡಿಸಿಕೊಂಡು ಬಂದರು. ಅತ್ತೆ ತನಗೊಂದು ಉದ್ದ ತೋಳಿನ ರವಿಕೆ ಹೊಲಿದುಕೊಂಡಳು. ಮಿಷನ್ ತುಳಿಯುತ್ತ ಹಾಡಿಕೊಳ್ಳುತ್ತಿದ್ದದ್ದನ್ನು ನಾನು ಮೊದಲು ಕೇಳಿದ್ದು ಆಗಲೇ.

ಮೇ ತಿಂಗಳಲ್ಲಿ ಡೋಲಮ್ಮ ಅವಳನ್ನು ಕರೆದೊಯ್ಯಲು ಬಂದಳು. ನನಗಾಗ ಒಂಬತ್ತು ವರ್ಷ. ಅತ್ತೆ ಹೋದರೆ ವಾಪಸು ಬರುವುದಿಲ್ಲ ಎಂದು ಯಾಕೋ ಮನಸ್ಸಿಗೆ ಬಂದುಬಿಟ್ಟಿತ್ತು. ಹೊರಡುವ ಬೆಳಿಗ್ಗೆ ಹೊಟ್ಟೆನೋವು ಎಂದು ಮುದುಡಿ ಮಲಗಿ ಅತ್ತೆಯ ಸೆರಗು ಹಿಡಿದುಕೊಂಡೆ. ಅಮ್ಮ ಓಮಿನ ಕಷಾಯ ಕುಡಿಸಿದರು. ಕಡಿಮೆಯಾಗಲಿಲ್ಲ ಎಂದೆ. ಶಿವಮೊಗ್ಗದ ಬಸ್ಸಿಗೆ ಹೊತ್ತಾಯಿತು ಎಂದು ಅಪ್ಪ ಎರಡು ಸಲ ಒಳಗೆ ಬಂದು ಹೋದರು. ಅತ್ತೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಅಳ್ಬೇಡ ಕೂಸೇ," ಎಂದಳು. "ನಾನು ಎಲ್ಲೂ ಹೋಗ್ತಿಲ್ಲ."

ಡೋಲಮ್ಮ ನನ್ನ ಹಣೆ ಮುಟ್ಟಿ ಒಬ್ಬಳೇ ಹೋದಳು. ಅತ್ತೆ ಸೀರೆ ಬದಲಾಯಿಸಿ ಮಿಷನ್ ಮುಂದೆ ಕೂತಳು. ಮಧ್ಯಾಹ್ನದ ಹೊತ್ತಿಗೆ ನಾನು ಬೀದಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆ.

ಮುಂದಿನ ವರ್ಷ ಹೋದರಾಯಿತು ಎಂದುಕೊಂಡರು. ಮುಂದಿನ ವರ್ಷ ಅಜ್ಜಿ ಬಿದ್ದು ಹಾಸಿಗೆ ಹಿಡಿದರು. ಆಮೇಲೆ ಅಮ್ಮನ ಉಬ್ಬಸ ಹೆಚ್ಚಿತು, ಆಮೇಲೆ ನನ್ನ ಮದುವೆ. ಡೋಲಮ್ಮ ಇನ್ನೂ ಕೆಲವು ಚಳಿಗಾಲ ಬಂದಳು. ಒಂದು ವರ್ಷ ಅವಳ ಬದಲು ಬೇರೆ ಯಾರೋ ಬಂದು, ಅವಳಿಗೆ ಮಂಡಿನೋವು, ಇನ್ನು ಬರುವುದಿಲ್ಲ ಎಂದು ತಿಳಿಸಿ ಹೋದರು. ಆಮೇಲೆ ಅತ್ತೆ ತೀರಿಕೊಂಡಳು. ಅವಳ ಪೆಟ್ಟಿಗೆಯಲ್ಲಿ ಒಂದು ಗೊಂಪಾದ ಫೋಟೋ ಸಿಕ್ಕಿತು. ಅದರ ಹಿಂದೆ ಡೋಲಮ್ಮ ದುಂಡಗಿನ ಕನ್ನಡ ಅಕ್ಷರದಲ್ಲಿ ಆ ಊರಿನ ಹೆಸರು ಬರೆದಿದ್ದಳು. ಹೋಗಬೇಕು ಎಂದುಕೊಳ್ಳುತ್ತಲೇ ನನಗೂ ಐವತ್ತಾಯಿತು.

ಆ ಫೋಟೋದ ಗೊಂಪಾದಲ್ಲೇ ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಮುದಿ ಸನ್ಯಾಸಿಯೊಬ್ಬರು ಬಂದು ಹಿಂದಿಯಲ್ಲಿ ಎಲ್ಲಿಂದ ಬಂದಿರಿ ಎಂದು ಕೇಳಿದರು. ಕರ್ನಾಟಕ, ಕೊಪ್ಪ ಎಂದೆ. ಅವರು ನನ್ನೆದುರು ಮೆಲ್ಲಗೆ ಕೂತರು.

"ಕೊಪ್ಪದ ಟೈಲರಕ್ಕ ನೀವೇನಾ?" ಎಂದರು, ಕನ್ನಡದಲ್ಲಿ.

ಅವರೇ ಡೋಲಮ್ಮನ ತಮ್ಮ. ಅಕ್ಕ ತೀರಿಕೊಂಡು ಬಹಳ ವರ್ಷವಾಯಿತು ಎಂದರು. ನಮ್ಮ ಮನೆಯಿಂದ ಒಬ್ಬಳೇ ಹೊರಟ ಆ ಬೇಸಿಗೆ ಅವಳು ಇಲ್ಲಿಗೆ ಬಂದು ನಾಲ್ಕು ದಿನ ಇದ್ದಳಂತೆ. ಏನು ತೋರಿಸಿದರೂ ವಾರಿಜಕ್ಕನಿಗೆ ಇದು ಇಷ್ಟವಾಗುತ್ತಿತ್ತು ಎನ್ನುತ್ತಿದ್ದಳಂತೆ. ನಾನು ಟೈಲರಕ್ಕ ಅಲ್ಲ, ಅವಳ ತಮ್ಮನ ಮಗಳು ಎಂದೆ. ಆಮೇಲೆ ಯಾರಿಗೂ ಹೇಳಿರದ ಹೊಟ್ಟೆನೋವಿನ ಸುಳ್ಳನ್ನು ಅವರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅದು ಅಕ್ಕಂಗೆ ಗೊತ್ತಿತ್ತು," ಎಂದರು. "ನಿಮ್ಮತ್ತೆಗೂ ಗೊತ್ತಿತ್ತಂತೆ. ಹೊಟ್ಟೆನೋವಾದ್ರೆ ಔಷಧಿ ಕೊಟ್ಟು ಬರ್ಬಹುದಿತ್ತು, ಹೆದರಿದ ಮಗೂನ ಹೇಗೆ ಬಿಟ್ಟು ಬರ್ಲಿ ಅಂದ್ರಂತೆ."

ಅವರು ಎದ್ದು ಎರಡು ದೀಪ ಹಚ್ಚಿದರು. ಯಾರ ಹೆಸರಲ್ಲಿ ಎಂದು ನಾನು ಕೇಳಲಿಲ್ಲ.

ಸಂಜೆ ಕೆಳಗಿನ ಊರಿಗೆ ಇಳಿದಾಗ ಫೋನಿಗೆ ಸಿಗ್ನಲ್ ಬಂತು. ಇದನ್ನು ಈಗಲೇ ಯಾರಿಗಾದರೂ ಹೇಳಬೇಕು ಅನಿಸಿ ಹೆಸರುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಅಜ್ಜಿ, ಅಪ್ಪ, ಅಮ್ಮ ಯಾರೂ ಇಲ್ಲ. ಗಂಡನಿಗೆ, ಮಕ್ಕಳಿಗೆ ವಾರಿಜತ್ತೆ ಎಂದರೆ ಮದುವೆ ಆಲ್ಬಮಿನಲ್ಲಿರುವ ಒಬ್ಬ ಮುದುಕಿ. ಅವಳು ಮಿಷನ್ ತುಳಿಯುತ್ತ ಹಾಡಿದ್ದನ್ನು ಕೇಳಿದವರಲ್ಲಿ ಉಳಿದವಳು ನಾನೊಬ್ಬಳೇ.