ಆಮೆ ಮನೆ ಸೇರುವವರೆಗೆ

ಕತ್ತರಿಸಲು ಕೂದಲಿಲ್ಲದಾಗಲೂ ಅವರ ಕತ್ತರಿ ಆಡುತ್ತಲೇ ಇರುತ್ತಿತ್ತು. ಕಿವಿಯ ಹಿಂದೆ, ಗಾಳಿಯಲ್ಲಿ, ಕಚಕ್ ಕಚಕ್. ಎಡಗೈಯ ಹೆಬ್ಬೆರಳು ನನ್ನ ನೆತ್ತಿಯನ್ನು ಒತ್ತಿಕೊಂಡಿರುತ್ತಿತ್ತು.

ಗೋವಿಂದರಾಜನಗರದಲ್ಲಿ ನಮ್ಮ ಬಾಡಿಗೆ ಮನೆಯ ಬೀದಿಯಲ್ಲೇ ಅವರ ಕಟಿಂಗ್ ಶಾಪ್. ಬಾಹ್ಯಾಕಾಶದಲ್ಲಿ ಅಲೆಯುವ ಆಮೆಯೊಂದರ ಕಾರ್ಟೂನ್ ಆಗ ಟಿವಿಯಲ್ಲಿ ಬರುತ್ತಿತ್ತು. ಓದು ಹಾಳಾಗುತ್ತದೆಂದು ಅಪ್ಪ ಕೇಬಲ್ ತೆಗೆಸಿದ್ದರು. ಅದೇ ಆಮೆಯ ಕಾಮಿಕ್ಸ್ ಪುಸ್ತಕಗಳು ಈ ಅಂಗಡಿಯ ಕನ್ನಡಿಯ ಕೆಳಗೆ ಸಾಲಾಗಿದ್ದವು. ಮನೆಗೆ ಒಯ್ಯುವಂತಿಲ್ಲ, ಕುರ್ಚಿಯಲ್ಲಿ ಕೂತಿರುವಷ್ಟು ಹೊತ್ತು ಓದಬಹುದು. ಕೂದಲು ಬೇಗ ಬೆಳೆಯಲಿ ಎಂದು ಹಾರೈಸುತ್ತಿದ್ದೆ. "ಮುಗೀತಾ ಮರಿ?" ಎಂದು ಕೇಳಿ, ನಾನು ಹೂಂ ಅಂದ ಮೇಲೇ ಅವರು ಹೊದಿಸಿದ ಬಟ್ಟೆ ಕೊಡವುತ್ತಿದ್ದರು.

ಸರದಿಗೆ ಕಾಯುತ್ತಿದ್ದವರೊಬ್ಬರು ಒಮ್ಮೆ ರೇಗಿದರು. "ಏನ್ ಗುರು, ಆ ಹುಡುಗನ್ ತಲೇಲಿ ಕಾಡು ಬೆಳೆದಿದ್ಯಾ?"

"ಆಗೋಯ್ತು ಸಾರ್. ಆಮೆ ಮನೆ ಸೇರ್ಬೇಕು, ಅಷ್ಟೇ."

ಈ ಮಾತು ಅವರೇ ಆಡಿದ್ದೋ, ಆಮೇಲೆ ನಾನು ಸೇರಿಸಿಕೊಂಡದ್ದೋ? ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿದ್ದು ಅನುಮಾನಪಡುವುದನ್ನು. ಓದುವ ಮಗು ತಲೆ ತಗ್ಗಿಸುತ್ತದೆ, ಅಲುಗಾಡುವುದಿಲ್ಲ. ಹಿಂಗತ್ತಿನ ಕೆಲಸ ಸಲೀಸು. ಕಾಮಿಕ್ಸ್ ಇಟ್ಟದ್ದು ಅಷ್ಟಕ್ಕೇ ಇರಬಹುದು. ಅಮ್ಮನನ್ನು ಕೇಳಿದರೆ, "ನಿನಗೋಸ್ಕರ ಕಾಯೋದೇನು ಬಂತು? ಅವರ ಕೈಯೇ ನಿಧಾನ ಕಣೋ. ಅದಕ್ಕೇ ನಿಮ್ಮಪ್ಪ ಬೇರೆ ಕಡೆ ಹೋಗ್ತಿದ್ರು" ಅಂದಳು. ಅವರನ್ನೇ ಕೇಳಿಬಿಡಬೇಕೆಂದು ಹೋದಾಗಲೆಲ್ಲ ಅಂದುಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತಿತ್ತು.

ನಗರದಂಚಿನ ಉಲ್ಲಾಳಕ್ಕೆ ಮನೆ ಬದಲಿಸಿದ ಮೇಲೂ ಬಸ್ ಹಿಡಿದು ಅಲ್ಲಿಗೇ ಹೋದೆ. ಅಷ್ಟರಲ್ಲಿ ಕಾಮಿಕ್ಸ್ ಹರಿದು ಮೂಲೆ ಸೇರಿದ್ದವು. ಅವರು ನನ್ನನ್ನು ಸಾರ್ ಅನ್ನತೊಡಗಿದ್ದರು. ಕೊನೆಯ ಸಲ ಕುರ್ಚಿಯಲ್ಲಿ ತಲೆ ಬಗ್ಗಿಸಿ ಮೊಬೈಲಿನಲ್ಲಿ ಏನೋ ಓದುತ್ತಿದ್ದೆ. ಮೈಮೇಲೆ ಕೂದಲು ಬೀಳುವುದು ನಿಂತು ಎಷ್ಟೋ ಹೊತ್ತಾಗಿದೆ ಎಂದು ತಡವಾಗಿ ಹೊಳೆಯಿತು. ಕಿವಿಯ ಹಿಂದೆ ಮಾತ್ರ ಕಚಕ್ ಕಚಕ್ ನಡೆದೇ ಇತ್ತು. ಮೊಬೈಲ್ ತೊಡೆಯ ಮೇಲಿಟ್ಟೆ.

"ಮುಗೀತಾ ಮರಿ?" ಅಂದರು. ಸಾರ್ ಅನ್ನಲಿಲ್ಲ.

"ಮುಗೀತಣ್ಣ" ಅಂದೆ. ಬಟ್ಟೆ ಕೊಡವಿದರು.

ಮತ್ತೆ ಕೂದಲು ಬೆಳೆಯುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಈಗ ಹೋಗುವ ಸಲೂನಿನಲ್ಲಿ ಮಷೀನು ಸರ್ರೆಂದು ಓಡುತ್ತದೆ, ಯಾರೂ ಏನೂ ಕೇಳುವುದಿಲ್ಲ. ಅವತ್ತು "ಇನ್ನೂ ಸ್ವಲ್ಪ ಇದೆಯಣ್ಣ" ಅನ್ನಬಹುದಿತ್ತು.

ಕಾಯುತ್ತಿದ್ದರು.